ಕ್ವಾಂಟಂ ಪದಕವೂ ಮಗನ ತಲೆಯ ಆಣೆಯೂ

ಶೀಳನೆರೆ
2-6-2025

ಮಾನಸಾ,

ಕ್ಷೇಮಸಮಾಚಾರ ಆಮೇಲೆ, ಮೊದಲು ವಿಷಯ. ಈ ಕ್ವಾಂಟಂ ಎಂದರೆ ಏನು? ಪಾಂಡವಪುರದ ಕಾಲೇಜಿನಲ್ಲಿ ನೀನು ಮಕ್ಕಳಿಗೆ ಅದನ್ನೇ ಪಾಠ ಮಾಡುವುದು ಎಂದು ನಿಮ್ಮಪ್ಪ ಹೇಳಿದ. ನಿನ್ನ ಅಜ್ಜಿಗೂ ಮಾಡು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅದಕ್ಕೆ ತಕ್ಕಂತೆ ಬರಿ. ಆದರೆ ಮುದುಕಿಗೆ ಇಷ್ಟು ಸಾಕು ಅಂತ ಸುಳ್ಳು ಬೆರೆಸಬೇಡ.

ಯಾಕೆ ಕೇಳುತ್ತಿದ್ದೇನೆ ಅಂದರೆ, ನನ್ನ ವಾರಗಿತ್ತಿ ದೊಡ್ಡತಾಯಿ, ಅದೇ ನಿಮ್ಮ ಚಿಕ್ಕಜ್ಜಿ, ಸಕ್ಕರೆ ಕಾಯಿಲೆಯ ಸೂಜಿ ನಿಲ್ಲಿಸಿದ್ದಾಳೆ. ಅವಳ ಮಗ ಅಶೋಕ ಯಾವುದೋ ಕಂಪನಿ ಸೇರಿದ್ದಾನೆ. ಕಂಪನಿಯವರು ಒಂದು ಪದಕ ಮಾರುತ್ತಾರೆ, ಹೆಸರು ದಿವ್ಯಕಣ. ಅದರೊಳಗೆ ಕ್ವಾಂಟಂ ಇದೆಯಂತೆ. ಕೊರಳಿಗೆ ಕಟ್ಟಿಕೊಂಡರೆ ಸಕ್ಕರೆ, ಬೀಪಿ, ಮಂಡಿನೋವು ಎಲ್ಲವೂ ಊರು ಬಿಟ್ಟು ಓಡುತ್ತವಂತೆ.

ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಅವಳ ಸೂಜಿಮದ್ದು ನಮ್ಮ ಫ್ರಿಜ್ಜಿನಲ್ಲಿ ಇರುವುದು ನಿನಗೆ ಗೊತ್ತು. ದಿನಾ ಬೆಳಿಗ್ಗೆ ಬರುತ್ತಿದ್ದಳು, ಚುಚ್ಚಿಕೊಳ್ಳುತ್ತಿದ್ದಳು, ನಮ್ಮ ಸೊಸೆ ಮಾಡಿದ ಕಾಫಿಗೆ ಹೆಸರಿಟ್ಟು ಹೋಗುತ್ತಿದ್ದಳು. ಒಂದು ವಾರದಿಂದ ಬರಲಿಲ್ಲ. ಗೋಡೆಯ ಮೇಲಿಂದ ಕೂಗಿದೆ.

"ಯಾಕಮ್ಮಿ, ಸೂಜಿ ತಗಳಾಕೆ ಬರ್ಲಿಲ್ವಲ್ಲ?"

"ನಂಗಿನ್ನು ಬ್ಯಾಡ ಬುಡಕ್ಕ. ಕ್ವಾಂಟಂ ಐತೆ."

"ಅದೇನು ಉಣ್ಣಾದೋ, ಮೈಗೆ ಬಳ್ಕಳ್ಳಾದೋ?"

"ನಿಂಗೆ ಅರ್ತ ಆಗಾಕಿಲ್ಲ. ಸೈನ್ಸು ಅದು."

ಅವಳು ಓದಿದ್ದು ಎರಡನೇ ಕ್ಲಾಸು. ನನಗೆ ಅರ್ಥವಾಗುವುದಿಲ್ಲವಂತೆ!

ಅದಿರಲಿ. ಅವಳ ಕಾಲಿನಲ್ಲಿ ಕಬ್ಬಿನ ಕೂಳೆ ಚುಚ್ಚಿದ ಗಾಯ ಇದೆ. ಮಾಗಿಲ್ಲ. ಸಕ್ಕರೆಯವರ ಕಾಲಿನ ಗಾಯ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಈ ಊರಿನಲ್ಲಿ ಎಲ್ಲರೂ ಕಂಡಿದ್ದೇವೆ. ನಲವತ್ತು ವರ್ಷ ಆ ಹೆಂಗಸಿನ ಜೊತೆ ಜಗಳ ಆಡಿದ್ದೇನೆ. ಒಂಟಿ ಕಾಲಿನವಳ ಜೊತೆ ಆಡಲು ನನ್ನಿಂದ ಆಗದು.

ಫೋನು ಮಾಡಬೇಡ. ಫೋನಿನ ಸಣ್ಣ ದನಿ ನನ್ನ ಕಿವಿಗೆ ಹತ್ತುವುದಿಲ್ಲ, ಜೋರಾಗಿ ಇಟ್ಟರೆ ಗೋಡೆಯಾಚೆ ಹೋಗುತ್ತದೆ. ಪಾಲಾದಾಗ ಕಟ್ಟಿದ ಆ ಗೋಡೆ ಮಾಡಿಗೆ ಮುಟ್ಟಿಲ್ಲವಲ್ಲ, ಇಲ್ಲಿ ಸೀನಿದರೆ ಅಲ್ಲಿ ಮೂಗು ಒರೆಸಿಕೊಳ್ಳುತ್ತಾರೆ. ನೀನೂ ಬರಬೇಡ. ಕಾಲೇಜು ಹುಡುಗಿಯನ್ನು ಕರೆಸಿ ನನ್ನ ಮಗನ ಮರ್ಯಾದೆ ಕಳೆದಳು ಅಂತ ಅವಳು ಇನ್ನೂ ಬಿಗಿಯುತ್ತಾಳೆ. ಕಾಗದ ಬರಿ. ಬರೆದದ್ದನ್ನು ಎರಡು ಸಲ ಓದಬಹುದು.

ನಾವು ಕ್ಷೇಮ.

ನಿನ್ನ ಅಜ್ಜಿ,
ಮಂಗಳಮ್ಮ

ಪಾಂಡವಪುರ
10-6-2025

ಅಜ್ಜಿಗೆ ನಮಸ್ಕಾರ.

ನಿನ್ನ ಕಾಗದ ಸ್ಟಾಫ್ ರೂಮಿಗೆ ಬಂದಾಗ ಎಲ್ಲರೂ ಬೆರಗಾಗಿ ನೋಡಿದರು. ಒಂದು ಗಂಟೆ ದಾರಿಯ ಊರಿನಿಂದ ಐದು ದಿನ ತೆಗೆದುಕೊಂಡು ಬಂದಿದೆ.

ಮೊದಲು ಒಂದು ಮಾತು ನಿಜ ಹೇಳು. ಪದಕ ಕಟ್ಟಿಕೊಂಡಿರುವುದು ಚಿಕ್ಕಜ್ಜಿಯಾ, ನೀನಾ? ನಿನಗೂ ಮಂಡಿನೋವಿದೆ. ನೀನೇ ಆಗಿದ್ದರೂ ಬೈಯುವುದಿಲ್ಲ.

ಈಗ ಪಾಠ. ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದ್ದೀಯಲ್ಲ? ಮೊದಲು ಕೆಂಪು, ಆಮೇಲೆ ಹಳದಿ, ಇನ್ನೂ ಕಾದರೆ ಬಿಳಿ. ಕುಡುಗೋಲಾದರೂ ಅದೇ, ನೇಗಿಲ ಗುಳವಾದರೂ ಅದೇ. ಇಷ್ಟು ಶಾಖಕ್ಕೆ ಇದೇ ಬಣ್ಣ ಯಾಕೆ ಎಂಬ ಪ್ರಶ್ನೆಗೆ ನೂರಿಪ್ಪತ್ತೈದು ವರ್ಷಗಳ ಹಿಂದಿನ ಪಂಡಿತರ ಹತ್ತಿರ ಉತ್ತರವಿರಲಿಲ್ಲ. ಅವರ ಲೆಕ್ಕದ ಪ್ರಕಾರ ಒಲೆಯ ಬಾಗಿಲು ತೆರೆದವರೆಲ್ಲ ನೇರಳೆಯಾಚೆಯ ಬೆಳಕಿನಲ್ಲಿ ಸುಟ್ಟುಹೋಗಬೇಕಿತ್ತು. 1900ರಲ್ಲಿ ಬರ್ಲಿನ್ನಿನಲ್ಲಿ ಪ್ಲಾಂಕ್ ಎಂಬವರು ಬೇರೆ ದಾರಿ ಕಾಣದೆ ಒಂದು ಊಹೆ ಮಾಡಿದರು. ಶಕ್ತಿ ಅಂಬಲಿಯಂತೆ ಹರಿದು ಬರುವುದಿಲ್ಲ, ಮುದ್ದೆ ಮುದ್ದೆಯಾಗಿ ಬರುತ್ತದೆ. ಅರ್ಧ ಮುದ್ದೆ ಬಡಿಸುವ ಪದ್ಧತಿಯೇ ಇಲ್ಲ. ಲೆಕ್ಕ ಕುಲುಮೆಯ ಬಣ್ಣಕ್ಕೆ ಸರಿಯಾಗಿ ಕೂತಿತು. ಆ ಒಂದು ಮುದ್ದೆಯ ಹೆಸರೇ ಕ್ವಾಂಟಂ.

ಐದು ವರ್ಷದ ಮೇಲೆ ಐನ್‌ಸ್ಟೈನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಬೆಳಕೂ ಮುದ್ದೆಯಾಗಿಯೇ ಬರುತ್ತದೆ ಎಂದರು. ಕೆಂಪು ಬೆಳಕಿನದು ಸಣ್ಣ ಮುದ್ದೆ, ನೀಲಿಯದು ದೊಡ್ಡದು. ಆಮೇಲೆ ಢಾಕಾದಲ್ಲಿ ಪಾಠ ಹೇಳುತ್ತಿದ್ದ ಬೋಸ್ ಎಂಬವರು ಈ ಮುದ್ದೆಗಳನ್ನು ಎಣಿಸುವ ಹೊಸ ರೀತಿ ಕಂಡುಹಿಡಿದು ಐನ್‌ಸ್ಟೈನ್‌ಗೆ ಕಾಗದ ಬರೆದರು. ಅವರು ಅದನ್ನು ತಾವೇ ಜರ್ಮನ್ ಭಾಷೆಗೆ ಮಾಡಿ ಅಚ್ಚು ಹಾಕಿಸಿದರು. ಕಾಗದಕ್ಕೆ ಅಷ್ಟು ಶಕ್ತಿಯಿತ್ತು, ನೋಡು.

ಹೀಗಾಗಿ ಕ್ವಾಂಟಂ ಪದಕದೊಳಗೂ ಇದೆ, ನಿನ್ನ ಒಲೆಯ ಕೆಂಡದಲ್ಲೂ ಇದೆ, ಸೂಜಿಯ ಮೊನೆಯಲ್ಲೂ ಇದೆ. ಅದನ್ನು ಡಬ್ಬಿಯಲ್ಲಿಟ್ಟು ಮಾರಲು ಬರುವುದಿಲ್ಲ. ಇದನ್ನೇ ಚಿಕ್ಕಜ್ಜಿಗೆ ಹೇಳು.

ಕಾಲೇಜಿನಲ್ಲಿ ಕೆಲಸ ಜಾಸ್ತಿ. ವಿಶೇಷವೇನಿಲ್ಲ.

ನಿನ್ನ,
ಮಾನಸ

ಶೀಳನೆರೆ
17-6-2025

ಮಾನಸಾ,

ಪದಕ ನಾನು ಕಟ್ಟಿಕೊಂಡಿದ್ದೇನಾ ಅಂತ ಕೇಳಿದ್ದೀಯ. ಈ ಕೊರಳಿಗೆ ನಿಮ್ಮ ತಾತ ತಾಳಿ ಕಟ್ಟುವಾಗಲೇ ನಾನು ಎರಡು ಸಲ ಯೋಚನೆ ಮಾಡಿದವಳು. ಇನ್ನೊಂದು ಸಲ ಹಾಗೆ ಕೇಳಿದರೆ ಕಾಗದ ವಾಪಸು ಕಳಿಸುತ್ತೇನೆ.

ಮುದ್ದೆಯ ಪಾಠ ಅರ್ಥವಾಯಿತು. ಅಕ್ಕಪಕ್ಕದವರಿಗೂ ಹೇಳಿದೆ. ಕುಲುಮೆ ಜವರಯ್ಯ ಮಾತ್ರ "ಬಣ್ಣ ನೋಡೇ ನಾವು ಏಟು ಆಕಾದು, ಅದ್ಕೆ ಬರ್ಲಿನ್ನಿಗೆ ಯಾಕೋಗ್ಬೇಕಿತ್ತು" ಅಂದ. ಬಣ್ಣ ನೋಡುವುದು ಬೇರೆ, ಆ ಬಣ್ಣವೇ ಯಾಕೆ ಅಂತ ಕೇಳುವುದು ಬೇರೆ ಕಣಪ್ಪ ಅಂದೆ. ತಿದಿ ಒತ್ತಲು ತಿರುಗಿದ. ನಾನು ಮೇಷ್ಟರಾಗಬೇಕಿತ್ತು.

ಆದರೆ ದೊಡ್ಡತಾಯಿಗೆ ಹೇಳಿದರೆ ಅವಳು ಬೇರೆ ರಾಗ ತೆಗೆದಳು.

"ಮುದ್ದೆ ಗಿದ್ದೆ ಅಲ್ಲ ಕಣಕ್ಕ. ಇದ್ರೊಳಗೆ ಒಂದು ಕಣ ಐತೆ. ಅದ್ರ ಜೋಡಿ ಕಣ ಚೈತನ್ಯ ಸಾರ್ ತಾವ ಐತೆ. ಇಲ್ಲಿ ನಂಗೇನಾದ್ರೂ ಆದ್ರೆ ಅಲ್ಲಿ ಅವ್ರಿಗೆ ಗೊತ್ತಾಯ್ತದೆ. ನಾನು ಸೂಜಿ ಚುಚ್ಕಂಡ್ರೂ ಗೊತ್ತಾಯ್ತದೆ."

"ಎಲ್ಲವ್ನೆ ಆ ಚೈತನ್ಯ?"

"ಬೆಂಗ್ಳೂರಲ್ಲವ್ರೆ. ದೂರ ಲೆಕ್ಕಕ್ಕಿಲ್ವಂತೆ. ಚಂದ್ರಲೋಕದಲ್ಲಿದ್ರೂ ಗೊತ್ತಾಯ್ತದಂತೆ."

ಈ ಚೈತನ್ಯ ಎಂಬವನು ಕಂಪನಿಯ ಭಾಷಣಗಾರ. ಸೂಟು ಹಾಕಿಕೊಂಡು ಫೋನಿನಲ್ಲಿ ಬರುತ್ತಾನೆ, ಅಶೋಕ ತೋರಿಸಿದ. ಮಾತು ಬೆಣ್ಣೆ. ಬಡ್ಡೀಮಗ ಒಂದು ಸಲವೂ ಕಣ್ಣು ಮಿಟುಕಿಸುವುದಿಲ್ಲ.

ಈಗ ನೀನು ಹೇಳು. ಜೋಡಿ ಕಣ ಅಂತ ನಿಜವಾಗಿ ಇದೆಯಾ, ಇದೂ ಅವನ ಕಟ್ಟುಕತೆಯಾ? ಇದ್ದರೆ ಇದೆ ಅನ್ನು. ಬೆಂಗಳೂರಿಗೆ ಸುದ್ದಿ ಹೋಗುತ್ತದಾ ಇಲ್ಲವಾ, ಅಷ್ಟು ನನಗೆ ಬೇಕು.

ಗಾಯದ ಸುತ್ತ ಊದಿದೆ. ಕಾಲಿಗೆ ಸೀರೆಯ ನೆರಿಗೆ ಇಳಿಬಿಟ್ಟು ಮುಚ್ಚಿಕೊಂಡು ಓಡಾಡುತ್ತಾಳೆ. ನನ್ನ ಕಣ್ಣು ತಪ್ಪಿಸುವುದು ಆ ಕಣಕ್ಕೂ ಆಗಲಿಕ್ಕಿಲ್ಲ.

ಕಾಲೇಜಿನಲ್ಲಿ ವಿಶೇಷವೇನಿಲ್ಲ ಅಂತ ಬರೆದಿದ್ದೀಯ. ವಿಶೇಷವಿಲ್ಲದವರು ಹಾಗೆ ಬರೆಯುವುದಿಲ್ಲ.

ಮಂಗಳಮ್ಮ

ಪಾಂಡವಪುರ
25-6-2025

ಅಜ್ಜಿ,

ಜೋಡಿ ಕಣ ಎಂಬುದು ಇದೆ. ಕಟ್ಟುಕತೆಯಲ್ಲ. ಸುಳ್ಳು ಬೆರೆಸಬೇಡ ಎಂದಿದ್ದೀಯಲ್ಲ, ಅದಕ್ಕೇ ಪೂರ್ತಿ ಬರೆಯುತ್ತೇನೆ.

ಸರಿಯಾಗಿ ನೂರು ವರ್ಷದ ಹಿಂದೆ, 1925ರ ಜೂನ್ ತಿಂಗಳಲ್ಲಿ, ಹೈಸೆನ್‌ಬರ್ಗ್ ಎಂಬ ಇಪ್ಪತ್ಮೂರು ವರ್ಷದ ಯುವಕನಿಗೆ ಹುಲ್ಲಿನ ಹೂವಿನ ದೂಳು ತಾಗಿ ಮುಖ ಊದಿಹೋಯಿತು. ಗಿಡಮರ ಇಲ್ಲದ ಒಂದು ದ್ವೀಪಕ್ಕೆ ಹೋಗಿ ಕೂತ. ಅಲ್ಲಿ ಒಂದು ಹಟ ಹಿಡಿದ. ಕಣ್ಣಿಗೆ ಕಾಣದ ದಾರಿಯನ್ನು ಊಹಿಸುವುದಿಲ್ಲ, ಅಳೆಯಲು ಸಿಗುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇನೆ ಎಂದು. ಹೊಸ ಕ್ವಾಂಟಂ ಶಾಸ್ತ್ರ ಹುಟ್ಟಿದ್ದು ಹಾಗೆ. ಅದಕ್ಕೇ ಈ ವರ್ಷ ಲೋಕವೆಲ್ಲ ಕ್ವಾಂಟಂ ವರ್ಷ ಆಚರಿಸುತ್ತಿದೆ.

ಹತ್ತು ವರ್ಷದ ಮೇಲೆ ಐನ್‌ಸ್ಟೈನ್ ತಕರಾರು ತೆಗೆದರು. ನಿಮ್ಮ ಶಾಸ್ತ್ರದ ಪ್ರಕಾರ ಜೊತೆಯಲ್ಲಿ ಹುಟ್ಟಿ ದೂರ ಹೋದ ಎರಡು ಕಣಗಳು ಒಂದಕ್ಕೊಂದು ತಾಳೆ ಹಾಕಿಕೊಂಡೇ ಇರಬೇಕಾಗುತ್ತದೆ, ಇದು ಹೇಗೆ ಸಾಧ್ಯ, ಶಾಸ್ತ್ರದಲ್ಲೇ ಏನೋ ಕೊರತೆಯಿದೆ ಎಂದರು. ಮೂವತ್ತು ವರ್ಷ ಬರೀ ವಾದವೇ ಆಯಿತು. 1964ರಲ್ಲಿ ಬೆಲ್ ಎಂಬವರು ಅದನ್ನು ಪರೀಕ್ಷೆ ಮಾಡಿ ನೋಡುವ ದಾರಿ ತೋರಿಸಿದರು. ಆಮೇಲೆ ಬೇರೆಯವರು ಮತ್ತೆ ಮತ್ತೆ ಮಾಡಿ ನೋಡಿದರು. ತಾಳೆ ನಿಜ.

ಆದರೆ ಸುದ್ದಿ ಹೋಗುವುದಿಲ್ಲ. ಹೀಗೆ ಯೋಚಿಸು. ನೀನು ಶೀಳನೆರೆಯಲ್ಲಿ ಕವಡೆ ಎಸೆಯುತ್ತೀಯ, ಚಿಕ್ಕಜ್ಜಿ ದೇವಲಾಪುರದಲ್ಲಿ ಎಸೆಯುತ್ತಾಳೆ. ನಿನಗೆ ಕಾಣುವುದು ಒಮ್ಮೆ ಅಂಗಾತ, ಒಮ್ಮೆ ಬೋರಲು, ಗೊತ್ತು ಗುರಿ ಇಲ್ಲದೆ ಬಿದ್ದಂತೆ. ಅವಳಿಗೂ ಅಷ್ಟೇ. ಸಂಜೆ ಇಬ್ಬರೂ ಕೂತು ಹೋಲಿಸಿದಾಗ ಬೆರಗಾಗುತ್ತೀರಿ. ಮೊದಲೇ ಮಾತಾಡಿಕೊಂಡು ಬಂದಿದ್ದರೂ ಅಷ್ಟೊಂದು ಹೊಂದುತ್ತಿರಲಿಲ್ಲ. ಆದರೆ ಹೇಗೆ ಬೀಳಬೇಕೆಂದು ನೀನು ಹೇಳಿ ಬೀಳಿಸಲಾರೆ. ಬೀಳಿಸಲಾಗದ ಮೇಲೆ ಅದರ ಮೂಲಕ "ನಾನು ಸೂಜಿ ಚುಚ್ಚಿಕೊಂಡೆ" ಎಂದು ಹೇಗೆ ಹೇಳಿಕಳಿಸುತ್ತೀಯ? ಹೋಲಿಸಬೇಕಾದರೂ ಬಸ್ಸೋ ಫೋನೋ ಕಾಗದವೋ ಬೇಕೇ ಬೇಕು.

ಇನ್ನೊಂದು. ಆ ಜೋಡಿತನ ಬಹಳ ನಾಜೂಕು. ಗಾಳಿ, ಬಿಸಿ ಸೋಕಿದರೆ ಹರಿದುಹೋಗುತ್ತದೆ. ಪ್ರಯೋಗ ಮಾಡುವವರು ಅದನ್ನು ಕಾಪಾಡಲು ಪಡುವ ಪಾಡು ಅವರಿಗೇ ಗೊತ್ತು. ಬೆವರುವ ಕೊರಳಿನ ಪದಕದಲ್ಲಿ ಅದು ರೆಪ್ಪೆ ಬಡಿಯುವಷ್ಟು ಹೊತ್ತೂ ನಿಲ್ಲದು.

ಇಷ್ಟು ಹೇಳಿದರೆ ಚಿಕ್ಕಜ್ಜಿ ಖಂಡಿತ ಒಪ್ಪುತ್ತಾಳೆ. ಬೇಗ ಸೂಜಿ ಶುರು ಮಾಡಿಸು, ಅಜ್ಜಿ. ಕಾಲನ್ನು ಡಾಕ್ಟರಿಗೆ ತೋರಿಸು.

ಮಾನಸ

ಶೀಳನೆರೆ
3-7-2025

ಮಾನಸಾ,

ನಿನ್ನ ಕಾಗದ ಎರಡಲ್ಲ, ಐದು ಸಲ ಓದಿದೆ. ಆ ಹುಡುಗ ಮೂಗು ಸೋರಿಸಿಕೊಂಡು ದ್ವೀಪದಲ್ಲಿ ಕೂತು ಹಟ ಮಾಡಿದ್ದು ನನಗೆ ಹಿಡಿಸಿತು. ಪರೀಕ್ಷೆ ಮಾಡಿ ನೋಡೋಣ ಅಂದವನು ಇನ್ನೂ ಹಿಡಿಸಿದ.

ನಾನೂ ಒಂದು ಪರೀಕ್ಷೆ ಯೋಚಿಸಿದೆ. ಆ ಪದಕ ಬಿಚ್ಚಿ ನಮ್ಮ ಬಂಡೂರು ಟಗರಿನ ಕೊರಳಿಗೆ ಕಟ್ಟುವುದು. ಅದಕ್ಕೆ ಒಂದು ಅಚ್ಚು ಬೆಲ್ಲ ತಿನ್ನಿಸುವುದು. ಆಮೇಲೆ ಅಶೋಕನಿಂದ ಫೋನು ಮಾಡಿಸಿ, ಅಮ್ಮನಿಗೆ ಸಕ್ಕರೆ ಎಷ್ಟಿದೆ ನೋಡಿ ಹೇಳಿ ಸಾರ್ ಅಂತ ಕೇಳಿಸುವುದು. ಟಗರಿಗೂ ಅವನಿಗೂ ಜೋಡಿ ಕುದುರಿದರೆ ಕುದುರಲಿ, ಇಬ್ಬರದೂ ಒಂದೇ ಜಾತಿ.

ದೊಡ್ಡತಾಯಿ ನಗಲಿಲ್ಲ. ಪದಕವನ್ನು ಸೆರಗಿನೊಳಗೆ ಹಿಡಿದುಕೊಂಡಳು. ನಾನು ಕೈ ಹಾಕಿದೆ. ಅವಳು ನನ್ನ ಕೈಗೆ ಹೊಡೆದಳು ಮಾನಸಾ. ನಲವತ್ತು ವರ್ಷದಲ್ಲಿ ನಾವು ಬಾಯಲ್ಲಿ ಆಡದ ಮಾತಿಲ್ಲ, ಕೈ ಮಾತ್ರ ಮಾಡಿರಲಿಲ್ಲ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಹಿತ್ತಿಲಿಗೆ ಬಂದು ತೊಟ್ಟಿಯ ಕಟ್ಟೆ ಮೇಲೆ ಕೂತು ಬಾಯಿ ಬಿಟ್ಟಳು.

"ಅದ ಬಿಚ್ಚಂಗಿಲ್ಲ ಕಣಕ್ಕ. ಅಶೋಕನ್ ತಲೆ ಮ್ಯಾಲೆ ಕೈಯಿಕ್ಕಿ ಆಣೆ ಮಾಡ್ಬುಟ್ಟಿವ್ನಿ."

ಕೆ.ಆರ್. ಪೇಟೆಯ ಯಾವುದೋ ಹಾಲಿನಲ್ಲಿ ಕಂಪನಿಯ ಮೀಟಿಂಗು ಆದಾಗ, ಪದಕ ಹಾಕಿಕೊಂಡವರೆಲ್ಲ ತಮಗೆ ಬೇಕಾದವರ ತಲೆ ಮುಟ್ಟಿ ಮಾತು ಕೊಡಬೇಕು ಅಂದನಂತೆ ಆ ಚೈತನ್ಯ. ಮೂರು ಮಂಡಲ ಸೂಜಿ ಮಾತ್ರೆ ಮುಟ್ಟುವುದಿಲ್ಲ ಅಂತ. ಮುರಿದರೆ ಜೋಡಿ ಕಣ ಹರಿದು, ಅದರ ಏಟು ಆ ತಲೆಗೇ ಬಡಿಯುತ್ತದಂತೆ. ಇವಳು ಅಶೋಕನ ತಲೆ ಮುಟ್ಟಿದಳು. ಒಬ್ಬನೇ ಮಗ, ಇನ್ಯಾರ ತಲೆ ಮುಟ್ಟುತ್ತಾಳೆ?

ನಿನ್ನ ಕವಡೆಯ ಪಾಠ ಹೇಳಿದೆ. ಪೂರ್ತಿ ಕೇಳಿದಳು. ಕೇಳಿ ಏನಂದಳು ಗೊತ್ತಾ?

"ಅದ್ರೊಳಗೆ ಏನೂ ಇಲ್ಲ ಅಂತ ನಂಗೂ ಅನ್ನುಸ್ತದೆ ಕಣಕ್ಕ. ಇದ್ಬುಟ್ರೆ?"

ಅವಳಿಗೆ ಕ್ವಾಂಟಮ್ಮಿನ ಮೇಲೆ ನಂಬಿಕೆ ಇಲ್ಲ ಮಾನಸಾ. ಮಗನ ಮೇಲೆ ಪ್ರಾಣ ಇದೆ, ಅಷ್ಟೇ. ನೀನು ನಾನು ಇಷ್ಟು ದಿನ ಬೇರೆ ಬಾಗಿಲು ಬಡಿಯುತ್ತಿದ್ದೆವು.

ಅಶೋಕ ಇನ್ನೊಂದು ಮಾತು ಹೇಳಿದ. ಇದೇ ತಿಂಗಳು ನಿಮ್ಮ ಕಾಲೇಜಿನಲ್ಲಿ ಕ್ವಾಂಟಂ ನೂರು ವರ್ಷದ ಕಾರ್ಯಕ್ರಮ ಇದೆಯಂತೆ, ಚೈತನ್ಯನೇ ಮುಖ್ಯ ಅತಿಥಿಯಂತೆ. "ನಮ್ ಮಾನಸಾನೇ ಸ್ವಾಗತ ಮಾಡಾದು ದೊಡ್ಡವ್ವ" ಅಂತ ಎದೆ ಉಬ್ಬಿಸಿದ. ವಿಶೇಷವೇನಿಲ್ಲ ಅಂತ ಬರೆದ ಕೈ ಇದೇ ತಾನೆ?

ಮಂಗಳಮ್ಮ

ಪಾಂಡವಪುರ
8-7-2025

ಅಜ್ಜಿ,

ಹೌದು, ಮುಚ್ಚಿಟ್ಟೆ. ನಿನ್ನ ಮೊದಲ ಕಾಗದದಲ್ಲಿ ದಿವ್ಯಕಣ ಎಂಬ ಹೆಸರು ಓದಿದಾಗಲೇ ನಮ್ಮ ಅತಿಥಿಯ ಕಂಪನಿ ಅದೇ ಎಂದು ಗೊತ್ತಾಗಿತ್ತು. ಕಾಲೇಜಿನ ಆಡಳಿತ ಮಂಡಳಿಯವರಿಗೆ ಚೈತನ್ಯ ಪರಿಚಯ. ನಾನು ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. "ವಿಜ್ಞಾನ ಬೇರೆ, ಅಧ್ಯಾತ್ಮ ಬೇರೆ, ಎರಡೂ ಕೇಳಲಿ ಬಿಡಿ ಮೇಡಂ" ಎಂದರು ಪ್ರಿನ್ಸಿಪಾಲರು. ನಾನು ತಲೆಯಾಡಿಸಿ ಬಂದೆ. ಹಾರ ಹಾಕಿ, ನಾಲ್ಕು ಮಾತಾಡಿ, ಕೆಳಗಿಳಿದರೆ ಮುಗಿಯಿತು ಎಂದುಕೊಂಡಿದ್ದೆ. ಅದನ್ನು ನಿನಗೆ ಬರೆಯಲು ಮುಖವಿರಲಿಲ್ಲ.

ಅದು ನನ್ನ ಪಾಡು. ಚಿಕ್ಕಜ್ಜಿಯದು ಹೇಳುತ್ತೇನೆ. ಈ ಆಣೆ ಎಂಬುದೆಲ್ಲ ಬರೀ ಮೂಢನಂಬಿಕೆ ಎಂದು ಅವಳಿಗೆ ಬಿಡಿಸಿ ಹೇಳು. ಕೈಯಿಟ್ಟ ಮಾತ್ರಕ್ಕೆ ಯಾರ ತಲೆಗೂ ಏನೂ ಆಗುವುದಿಲ್ಲ. ಅಷ್ಟು ಅರ್ಥವಾದರೆ ಎಲ್ಲವೂ ಸರಿಹೋಗುತ್ತದೆ.

ಮಾನಸ

ಶೀಳನೆರೆ
15-7-2025

ಮಾನಸಾ,

ಮೂಢನಂಬಿಕೆ ಅಂತ ಹೇಳಬೇಕಂತೆ! ಮಗನ ತಲೆಯ ಮೇಲೆ ಕೈಯಿಟ್ಟು ಕೊಟ್ಟ ಮಾತನ್ನು ಮೂಢನಂಬಿಕೆ ಅಂದರೆ ಅವಳು ಕೊಟ್ಟ ಮಾತಿಗೇ ಬೆಲೆಯಿಲ್ಲ ಅಂದಂತೆ. ಬೆಲೆಯಿಲ್ಲದ ಮಾತಿಗೆ ಯಾರಾದರೂ ಕಾಲು ಕೊಡುತ್ತಾರಾ? ನಿನ್ನ ಶಾಸ್ತ್ರಕ್ಕೆ ನಾನು ಬಾಗಿಲು ತೆಗೆದೆ, ನಮ್ಮ ಬಾಗಿಲಿಗೆ ನೀನು ಕಲ್ಲು ಹೊಡೆಯಬೇಡ. ಕಟ್ಟಿದ್ದನ್ನು ಬಿಚ್ಚುವ ದಾರಿಯೂ ನಮ್ಮಲ್ಲೇ ಇದೆ.

ಅವಳ ಕಿರುಬೆರಳು ಕಪ್ಪಾಗಿದ್ದು ಭಾನುವಾರ ಕಂಡೆ. ವಾಸನೆಯೂ ಬಂತು. ಆಮೇಲೆ ನಾನು ಯಾರ ಅಪ್ಪಣೆಗೂ ಕಾಯಲಿಲ್ಲ.

ನಿನ್ನೆ ಸೋಮವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಅರಿಶಿನದಲ್ಲಿ ಅದ್ದಿದ ಬಟ್ಟೆ ಚೂರು, ಒಂದು ನಾಣ್ಯ ಹಿಡಿದು ಅವರ ಮನೆಗೆ ಹೋದೆ. ಮನೆ ಎರಡಾಗಿದೆ, ಮನೆದೇವರು ಎರಡಾಗಿಲ್ಲ. ಹಿರಿಸೊಸೆ ನಾನು. ಈ ವಂಶದಲ್ಲಿ ಯಾರು ತಪ್ಪು ಮಾಡಿದರೂ ತಪ್ಪುಕಾಣಿಕೆ ಕಟ್ಟುವ ಹಕ್ಕು ನನ್ನದು. ದೇವರ ಮುಂದೆ ದೀಪ ಹಚ್ಚಿ ಅಶೋಕನನ್ನು ಕರೆದೆ.

"ಬಾರ್ಲಾ ಇಲ್ಲಿ. ಕೂತ್ಕ."

"ಏನ್ ದೊಡ್ಡವ್ವ ಇದು?"

"ನಿಮ್ಮವ್ವ ಇಟ್ಟಿರೋ ಆಣೆಯ ಬಿಡುಸ್ತೀನಿ. ತಪ್ಪಾದ್ರೆ ನನ್ ತಲೆಗೆ ಬರ್ಲಿ ಅಂತ ನನ್ ಹೆಸ್ರಲ್ಲಿ ಕಟ್ತೀನಿ."

ದೊಡ್ಡತಾಯಿ ಕುಂಟಿಕೊಂಡು ಓಡಿ ಬಂದು ನನ್ನ ಕೈ ಹಿಡಿದಳು. "ಬ್ಯಾಡ ಕಣಕ್ಕ! ನಿನ್ ತಲೆಗ್ಯಾಕೆ?"

"ನನ್ ತಲೇಲಿ ಕೂದ್ಲೇ ನಿಲ್ತಿಲ್ಲ, ಪಾಪ ನಿಂತದಾ? ಬುಡು ಕೈಯ."

"ನಿಂಗೇನಾದ್ರೂ ಆದ್ರೆ ನಾನು ಯಾರ್ ಜತೇಲಿ ಜಗ್ಳ ಆಡ್ಲಿ?"

"ನಿಂಗಾದ್ರೆ ನಾನ್ಯಾರ್ ಜತೇಲಿ ಆಡ್ಲಮ್ಮಿ, ಗೋಡೆ ಜತೇಲಾ?"

ಅಶೋಕ ನಡುವೆ ಬಾಯಿ ಹಾಕಿದ. "ದೊಡ್ಡವ್ವ, ನಿಂಗೊತ್ತಾಗಾಕಿಲ್ಲ ಕನ ಸುಮ್ಕಿರು. ಇದು ಪಕ್ಕಾ ಸೈಂಟಿಫಿಕ್ಕು."

ನನಗೆ ಸಿಟ್ಟು ನೆತ್ತಿಗೇರಿತು. "ಸೈಂಟಿಪಿಕ್ಕಾದ್ರೆ ಆಣೆ ಯಾಕ್ಲಾ ಬೇಕಿತ್ತು? ಸೂಜಿ ಬರ್ಕೊಟ್ಟ ಡಾಕ್ಟ್ರು ನಿಮ್ಮವ್ವನ್ನ ಯಾವತ್ತಾದ್ರೂ ಮಗನ್ ತಲೆ ಮುಟ್ಟು ಅಂದಿದ್ರಾ? ನಮ್ ಮಾನಸ ಬರ್ದವ್ಳೆ, ನೂರು ವರ್ಸ ಗುದ್ದಾಡವ್ರಂತೆ ಆ ಜನ, ಮಾಡಿ ನೋಡವ್ರೆ, ಅಳ್ದು ನೋಡವ್ರೆ. ಒಬ್ನಾದ್ರೂ ಎದುರಾಳಿ ತಾವ ಆಣೆ ಕೇಳವ್ನಾ? ಸಾಚಾ ಸರಕು ಇರೋನು ತಕ್ಕಡಿ ತತ್ತಾನೆ ಕಣ್ಲಾ. ಇಲ್ದೋನು ಆಣೆ ಕೇಳ್ತಾನೆ."

ಅವನಿಗೆ ಅವ್ವನ ಸೀರೆ ನೆರಿಗೆ ಎತ್ತಿ ಕಾಲು ತೋರಿಸಿದೆ. ಮಾನಸಾ, ಆ ಹುಡುಗ ಅದನ್ನು ನೋಡೇ ಇರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು! ಇವಳು ಅಷ್ಟು ಚೆನ್ನಾಗಿ ಮುಚ್ಚಿಟ್ಟಿದ್ದಳು, ಇವನು ಅಷ್ಟು ಹೊತ್ತು ಫೋನು ನೋಡುತ್ತಿದ್ದ. ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ತಾನೇ ಬಂದು ತಲೆ ಬಗ್ಗಿಸಿ, ಅವ್ವನ ಕೈಯನ್ನು ಎತ್ತಿ ತಲೆ ಮೇಲಿಟ್ಟುಕೊಂಡು, "ವಾಪಸ್ ತಗಳವ್ವ" ಅಂದ.

ದೊಡ್ಡತಾಯಿ ವಾಪಸು ತೆಗೆದುಕೊಂಡಳು. ನಾನು ಕಾಣಿಕೆ ಕಟ್ಟಿದೆ, ನನ್ನ ಹೆಸರಿನಲ್ಲೇ. ಪದಕವನ್ನು ಅವಳೇ ಬಿಚ್ಚಿ ಮಗನ ಕೈಗೆ ಕೊಟ್ಟಳು. ಹತ್ತು ನಿಮಿಷದ ಮೇಲೆ ನಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು "ನನ್ ಸೂಜಿ ಎಲ್ಲಿ ಮಡಗಿದಿಯಕ್ಕ?" ಅಂದಳು.

ಈವತ್ತು ಅಶೋಕ ಅವಳನ್ನು ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾನೆ. ನಾನೂ ಹೊರಟಿದ್ದೇನೆ. ಕಾಲು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ.

ನೀನು ಹಾರ ಹಾಕುವುದೋ ಬಿಡುವುದೋ ನಿನಗೆ ಬಿಟ್ಟಿದ್ದು. ಕೆಲಸ ಕಳೆದುಕೊಂಡರೆ ಮುದ್ದೆ ಸಾರು ಇಲ್ಲಿ ಇದ್ದೇ ಇದೆ. ಅದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಮಂಗಳಮ್ಮ

ಪಾಂಡವಪುರ
27-7-2025

ಅಜ್ಜಿ,

ನಿನ್ನಿಂದ ಕಾಗದವಿಲ್ಲ. ಇನ್ನೂ ಆಸ್ಪತ್ರೆಯಲ್ಲೇ ಇದ್ದೀರಿ ಎಂದು ಇಲ್ಲಿಗೆ ಬಂದಿರುವ ಅಪ್ಪ ಹೇಳಿದರು. ಬೆರಳು ತೆಗೆಯಬೇಕಾಗುತ್ತದೆ ಎಂದರಂತೆ, ಕಾಲಿನ ಬಗ್ಗೆ ಎರಡು ದಿನ ನೋಡಿ ಹೇಳುತ್ತಾರಂತೆ. ಇದನ್ನು ಅಪ್ಪನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ನಾನೂ ಬರುತ್ತೇನೆ. ಅಲ್ಲಿ ವಾರ್ಡಿನಲ್ಲಿ ಇದನ್ನೆಲ್ಲ ಕೂಗಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆದೆ.

ಶುಕ್ರವಾರ ಕಾರ್ಯಕ್ರಮ ಆಯಿತು. ಹಾರ ಹಾಕಿದೆ. ಮನೆಗೆ ಬಂದವರಿಗೆ ಅವಮಾನ ಮಾಡಬಾರದು ಎಂದು ನೀನೇ ಕಲಿಸಿದ್ದು. ಆಮೇಲೆ ಮೈಕು ಹಿಡಿದು ಕುಲುಮೆಯ ಬಣ್ಣದಿಂದ ಶುರುಮಾಡಿ ಜೋಡಿ ಕಣದವರೆಗೂ ಹೇಳಿದೆ. ಕೊನೆಯಲ್ಲಿ, "ಜೋಡಿ ಕಣದಿಂದ ಸುದ್ದಿ ಕಳಿಸಬಹುದು ಎಂದು ನಮ್ಮ ಅತಿಥಿಗಳು ಹೇಳುತ್ತಾರೆ. ನೂರು ವರ್ಷದಲ್ಲಿ ಯಾರೂ ಮಾಡದ ಕೆಲಸ ಇದು. ಒಂದೇ ಒಂದು ಸುದ್ದಿಯನ್ನು ಈಗ, ಈ ವೇದಿಕೆಯ ಮೇಲೆ, ತರಿಸಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಂಬಿಕೆ ಬೇಡ, ಆಣೆ ಬೇಡ. ತಕ್ಕಡಿ ಸಾಕು" ಎಂದೆ.

ತಕ್ಕಡಿಯ ಮಾತು ನಿನ್ನದು. ಕೇಳದೆ ತೆಗೆದುಕೊಂಡೆ.

ಗೆದ್ದೆ ಎಂದುಕೊಳ್ಳಬೇಡ. ಚೈತನ್ಯ ನಕ್ಕರು. "ಅನುಭವಕ್ಕೆ ಬರಬೇಕಾದ್ದನ್ನು ಅಳೆಯಲಾಗದು ಮಗಳೇ" ಎಂದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು, ಅವರಿಗೆ. ನನ್ನ ಮೈಕು ಆರಿಹೋಯಿತು. ಹಿಂದಿನ ಬೆಂಚಿನಿಂದ ಸುಮಯ್ಯ ಎಂಬ ಹುಡುಗಿ ಎದ್ದು ನಿಂತು, "ಸರ್, ಮಿಸ್ ಕೇಳಿದ್ದಕ್ಕೆ ಉತ್ತರ?" ಎಂದಳು. ಅವಳ ಅಮ್ಮನ ಕೊರಳಲ್ಲೂ ಆ ಪದಕವಿದೆಯಂತೆ. ಅವಳನ್ನು ಕೂರಿಸಿದರು. ಮತ್ತೆ ಎದ್ದಳು. ಮತ್ತೆ ಕೂರಿಸಿದರು.

ಮುಂದಿನ ಸೆಮಿಸ್ಟರಿಗೆ ಬರುವುದು ಬೇಡ ಎಂದು ನಿನ್ನೆ ಹೇಳಿದರು. ಅತ್ತದ್ದೇನೋ ಹೌದು. ಆದರೆ ಸುಮಯ್ಯ ಮತ್ತು ಅವಳ ಜೊತೆಯವರು ಇವತ್ತು ನಾನಿರುವ ರೂಮಿಗೆ ಬಂದು ಕೂತಿದ್ದರು. ಪಾಠ ಅರ್ಧಕ್ಕೆ ನಿಂತಿದೆ ಮಿಸ್, ಮುಗಿಸಿ ಎಂದರು. ಮುಗಿಸುತ್ತೇನೆ. ಅದಕ್ಕೆ ಯಾರ ಸಹಿಯೂ ಬೇಕಿಲ್ಲ.

ಆಣೆಯ ವಿಷಯದಲ್ಲಿ ನಾನು ದುಡುಕಿದೆ. ನೀನು ಬಿಚ್ಚಿದ ಗಂಟು ನನ್ನಿಂದ ಬಿಚ್ಚಲಾಗುತ್ತಿರಲಿಲ್ಲ.

ಮಾನಸ

ಶೀಳನೆರೆ
19-8-2025

ಮಾನಸಾ,

ಆಸ್ಪತ್ರೆಯಲ್ಲಿ ನೀನು ನೋಡಿ ಹೋದ ಮೇಲೆ ಅವಳ ಬೆರಳು ತೆಗೆದರು. ಕಾಲು ಉಳಿಯಿತು. ಮನೆಗೆ ಕರೆತಂದು ಒಂದು ವಾರವಾಯಿತು. ದಿನಾ ನಾನೇ ಸೂಜಿ ತೆಗೆದುಕೊಂಡು ಹೋಗುತ್ತೇನೆ. ನಮ್ಮ ಕಾಫಿಗೆ ಹೆಸರಿಡುವುದನ್ನು ಮಂಚದ ಮೇಲಿಂದಲೇ ಮಾಡುತ್ತಾಳೆ.

ಅಶೋಕ ಮನೆಯಲ್ಲಿದ್ದ ಪದಕಗಳನ್ನೆಲ್ಲ ಚೀಲಕ್ಕೆ ತುಂಬಿ, ತಾನು ಮಾರಿದ ಮನೆಗಳಿಗೆಲ್ಲ ಹೋಗುತ್ತಿದ್ದಾನೆ, ಸೂಜಿ ಮಾತ್ರೆ ಬಿಡಬೇಡಿ ಅಂತ ಹೇಳಲು. ಕೆಲವರು ಬೈದು ಕಳಿಸುತ್ತಾರೆ. ಕೆಲವರು ಆಣೆ ಇಟ್ಟುಬಿಟ್ಟಿದ್ದೇವೆ ಅನ್ನುತ್ತಾರೆ. ಅಂಥವರನ್ನು ನನ್ನ ಹತ್ತಿರ ಕಳಿಸು, ಅವರವರ ಮನೆದೇವರಿಗೆ ಅವರ ಹಿರಿಯರಿಂದ ಹೇಗೆ ಕಟ್ಟಿಸಬೇಕು ಅಂತ ಹೇಳುತ್ತೇನೆ ಅಂದಿದ್ದೇನೆ. ನಿನಗೆ ಪಾಠ ಇದೆ, ನನಗೂ ಇದೆ.

ಬರೆಯಲು ಕೂತಿದ್ದು ಈವತ್ತು ನಡೆದದ್ದಕ್ಕೆ. ಸೂಜಿ ಹಾಕಿ ಅವಳ ಪಕ್ಕದಲ್ಲಿ ಕೂತಿದ್ದೆ. ಅಶೋಕನ ಫೋನು ಮಂಚದ ಮೇಲೆ ಬಡಿದುಕೊಂಡಿತು. ಚೈತನ್ಯ. ಅಶೋಕ ತೋಟಕ್ಕೆ ಹೋಗಿದ್ದ. ದೊಡ್ಡತಾಯಿ ನನ್ನ ಮುಖ ನೋಡಿದಳು, ಗುಂಡಿ ಒತ್ತಿ ಜೋರಾಗಿ ಇಟ್ಟು, "ನಾನು ಅಶೋಕನ್ ಅವ್ವ ಸಾ" ಅಂದಳು.

"ನಮಸ್ಕಾರ ಅಮ್ಮ. ಅಶೋಕ್ ಅವರು ಮೀಟಿಂಗಿಗೆ ಬರುತ್ತಲೇ ಇಲ್ಲ?" ಅಂದ. ಅದೇ ಬೆಣ್ಣೆ ದನಿ. "ಹೇಗಿದ್ದೀರಮ್ಮ? ನಾನು ಕೇಳುವುದೇ ಬೇಡ ಬಿಡಿ. ನಿಮ್ಮ ಜೋಡಿ ಕಣ ನನ್ನ ಮುಂದೆಯೇ ಇದೆ, ಬಹಳ ಶಾಂತವಾಗಿದೆ. ಸಕ್ಕರೆ ಕಾಯಿಲೆ ಪೂರ್ತಿ ವಾಸಿಯಾಗಿದೆ ಅಲ್ಲವಾ?"

ನಾನು ಬಾಯಿ ತೆರೆದೆ. ಅವಳು ನನ್ನ ತೊಡೆ ಚಿವುಟಿ ಸುಮ್ಮನಿರಿಸಿದಳು.

"ಅಲ್ಲೇ ಕಾಣ್ತದಾ ಸಾ?"

"ಕಾಣುತ್ತದಮ್ಮ, ಸ್ಪಷ್ಟವಾಗಿ."

"ಅಂಗಾದ್ರೆ ಒಸಿ ಸರ್ಯಾಗಿ ನೋಡಿ ಏಳಿ ಸಾ. ಬೆಳ್ಳು ಕುಯ್ದವ್ರಲ್ಲ, ಅದು ಯಾವ ಕಾಲಿಂದು?"



"ಅಮ್ಮಾ, ಅದು ಹಾಗಲ್ಲ, ಕಂಪನ ಅಂದರೆ..."

"ಕಂಪ್ನ ಆಮೇಕೆ ಸಾ. ಎಡಗಾಲಾ, ಬಲಗಾಲಾ?"

ಅವನು ಫೋನು ಕಡಿಯಲಿಲ್ಲ. ದೊಡ್ಡತಾಯಿ ಬ್ಯಾಂಡೇಜು ಸುತ್ತಿದ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಫೋನನ್ನು ಅದರ ಎದುರಿಗೇ ಹಿಡಿದುಕೊಂಡಳು.

"ಕಾಯ್ತೀನಿ ಏಳಿ ಸಾ," ಅಂದಳು. "ನಂಗೇನೂ ಅವಸ್ರ ಇಲ್ಲ."

ಮಂಗಳಮ್ಮ